ಬೆಂಕಿಗೆ ಅಂಜದ ಮಣ್ಣು

ಮಕ್ಕಳೇ, ನೀವು ಕುಂಬಾರರ ಆವಿಗೆಯನ್ನು ನೋಡಿದ್ದೀರಾ? ಆದೋನಿಯ ಸುತ್ತಲಿನ ಹಳ್ಳಿಗಳಲ್ಲಿ ಈಗ ಆವಿಗೆಗಳು ಕಡಿಮೆಯಾಗಿವೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಓಣಿಯ ಕೊನೆಯಲ್ಲಿಯೇ ಒಂದು ಆವಿಗೆ ಇತ್ತು. ಕುಂಬಾರ ತಾತನವರು ಒಣಗಿದ ಹಸಿ ಗಡಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ನಡುನಡುವೆ ಕುಳ್ಳು, ಸೌದೆ, ಹತ್ತಿಕಟ್ಟಿಗೆ ತುಂಬುತ್ತಿದ್ದರು. ಮೇಲೆ ಹುಲ್ಲು ಹೊದಿಸಿ, ಹಸಿಮಣ್ಣು ಮೆತ್ತಿ ಬೆಂಕಿ ಇಡುತ್ತಿದ್ದರು. ರಾತ್ರಿಯೆಲ್ಲ ಅದು ಒಳಗೊಳಗೇ ಉರಿಯುತ್ತಿತ್ತು. ಬೂದಿ ಆರಿದ ಮೇಲೆ ಸರಿಸಿ ನೋಡಿದರೆ ಕೆಂಪಗೆ ಸುಟ್ಟ ಗಡಿಗೆಗಳು ಸಾಲಾಗಿ ಕಾಣುತ್ತಿದ್ದವು.

ಒಮ್ಮೆ ನಾವು ಹುಡುಗರು ಹಳೆಯದೊಂದು ಅಲ್ಯೂಮಿನಿಯಂ ಲೋಟವನ್ನು ಯಾರಿಗೂ ಕಾಣದಂತೆ ಆವಿಗೆಯೊಳಗೆ ತುರುಕಿದೆವು. ಆವಿಗೆ ಬಿಚ್ಚಿದಾಗ ಅಲ್ಲಿ ಲೋಟ ಇರಲಿಲ್ಲ. ಬೂದಿಯಲ್ಲಿ ಒಂದು ಗಟ್ಟಿ ಮುದ್ದೆ ಬಿದ್ದಿತ್ತು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಆವಿಗೆಯ ಒಳಗೆ ಅದಕ್ಕಿಂತ ಹೆಚ್ಚು ಶಾಖ ಇರುತ್ತದೆ. ಆದರೆ ಮಣ್ಣಿನ ಗಡಿಗೆಗೆ ಏನೂ ಆಗಿರಲಿಲ್ಲ. ತಾತನವರು ನಮ್ಮನ್ನು ಬೈಯಲು ಬಂದರು. ಆ ಗಡಿಬಿಡಿಯಲ್ಲಿ ನನ್ನ ಕೈಗೆ ತಗಲಿ ಒಂದು ಗಡಿಗೆ ಉರುಳಿ ಚೂರುಚೂರಾಯಿತು. ಲೋಹದ ಮುದ್ದೆಯೂ ಕಲ್ಲಿನ ಮೇಲೆ ಬಿತ್ತು. ಅದಕ್ಕೆ ಒಂದು ಚಿಕ್ಕ ತಗ್ಗು ಬಿತ್ತು, ಅಷ್ಟೆ.

ಸುಟ್ಟ ಮಣ್ಣು ಬೆಂಕಿಗೆ ಅಂಜುವುದಿಲ್ಲ, ಪೆಟ್ಟಿಗೆ ಅಂಜುತ್ತದೆ. ಲೋಹ ಪೆಟ್ಟಿಗೆ ಅಂಜುವುದಿಲ್ಲ, ಬೆಂಕಿಗೆ ಅಂಜುತ್ತದೆ. ಎರಡಕ್ಕೂ ಅಂಜದ ವಸ್ತು ಬೇಕೆಂದರೆ ಏನು ಮಾಡಬೇಕು? ಬೆಂಗಳೂರು, ಹೈದರಾಬಾದುಗಳಲ್ಲಿಯೂ ಜಗತ್ತಿನ ಬೇರೆ ಊರುಗಳಲ್ಲಿಯೂ ವಿಮಾನದ ಇಂಜಿನ್ ಮಾಡುವವರು ಹಲವಾರು ವರ್ಷಗಳಿಂದ ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ.

ನಮ್ಮ ಕರ್ನೂಲಿನ ಹತ್ತಿರದ ಓರ್ವಕಲ್ಲಿನಲ್ಲಿ 2021ರ ಮಾರ್ಚ್ ತಿಂಗಳಿನಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅದಕ್ಕೆ ಉಯ್ಯಾಲವಾಡ ನರಸಿಂಹಾರೆಡ್ಡಿಯವರ ಹೆಸರನ್ನು ಇಟ್ಟಿದ್ದಾರೆ. ಅಲ್ಲಿಂದ ಬೆಂಗಳೂರಿಗೆ ಮೊದಲು ಹಾರಿದ ವಿಮಾನಗಳಿಗೆ ಎರಡು ರೆಕ್ಕೆಗಳ ಮುಂದೆ ಒಂದೊಂದು ದೊಡ್ಡ ಪಂಖ ಇತ್ತು. ಆ ಪಂಖವನ್ನು ತಿರುಗಿಸುವುದು ಒಳಗಿರುವ ಗ್ಯಾಸ್ ಟರ್ಬೈನ್ ಇಂಜಿನ್. ಪಂಖ ಕಾಣದ ಜೆಟ್ ವಿಮಾನಗಳಲ್ಲಿಯೂ ಇರುವುದು ಇದೇ ಬಗೆಯ ಇಂಜಿನ್. ರಾಜಮಂಡ್ರಿಯ ಸಮೀಪದ ಜೇಗುರುಪಾಡಿನಲ್ಲಿ ಅನಿಲ ಸುಟ್ಟು ವಿದ್ಯುತ್ ತೆಗೆಯಲೆಂದು ಕಟ್ಟಿದ ಕೇಂದ್ರದಲ್ಲಿಯೂ ಗ್ಯಾಸ್ ಟರ್ಬೈನನ್ನೇ ಕೂರಿಸಿದರು.

ಇದು ಕೆಲಸ ಮಾಡುವ ರೀತಿ ಕಷ್ಟದ್ದೇನಲ್ಲ. ಜಾತ್ರೆಯಲ್ಲಿ ಕೊಂಡ ಕಾಗದದ ಗಿರಗಿಟ್ಲೆಯನ್ನು ನೆನಪಿಗೆ ತಂದುಕೊಳ್ಳಿ. ಗಾಳಿ ಬಡಿದರೆ ಅದು ತಿರುಗುತ್ತದೆ. ಗ್ಯಾಸ್ ಟರ್ಬೈನಿನಲ್ಲಿ ಇಂತಹ ಲೋಹದ ಗಿರಗಿಟ್ಲೆಗಳು ಒಂದೇ ಅಚ್ಚಿಗೆ ಸಾಲಾಗಿ ಜೋಡಣೆಯಾಗಿರುತ್ತವೆ. ಮುಂದಿನ ಸಾಲು ಹೊರಗಿನ ಗಾಳಿಯನ್ನು ಒಳಗೆ ಎಳೆದು ಒತ್ತಿ ಒತ್ತಿ ಇಕ್ಕಟ್ಟು ಮಾಡುತ್ತದೆ. ನಡುವಿನ ಕೋಣೆಯಲ್ಲಿ ಆ ಗಾಳಿಗೆ ಇಂಧನ ಸೇರಿಸಿ ಉರಿಸುತ್ತಾರೆ. ಉರಿದ ಅನಿಲ ಹಿಗ್ಗಿ ಹಿಂದಕ್ಕೆ ನುಗ್ಗುತ್ತದೆ. ನುಗ್ಗುವಾಗ ಹಿಂದಿನ ಸಾಲಿನ ಗಿರಗಿಟ್ಲೆಯನ್ನು ತಿರುಗಿಸುತ್ತದೆ. ಈ ಹಿಂದಿನ ಸಾಲಿಗೇ ಟರ್ಬೈನ್ ಎಂದು ಹೆಸರು. ಅದು ತಿರುಗಿದರೆ ಅದೇ ಅಚ್ಚಿನಲ್ಲಿರುವ ಮುಂದಿನ ಸಾಲೂ ತಿರುಗುತ್ತದೆ, ಮತ್ತೆ ಗಾಳಿ ಒಳಗೆ ಬರುತ್ತದೆ. ಉಳಿದ ರಭಸ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಊದಿದ ಪುಗ್ಗಿಯ ಬಾಯಿ ಬಿಟ್ಟರೆ ಅದು ಎತ್ತ ಓಡುತ್ತದೆ, ಮಾಡಿ ನೋಡಿ.

ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ ಎಂಬ ತರುಣ 1930ರಲ್ಲಿಯೇ ಇಂತಹ ಇಂಜಿನ್ನಿಗೆ ಹಕ್ಕುಪತ್ರ ಕೇಳಿದ್ದನು. ಆದರೆ ಜೆಟ್ ಇಂಜಿನ್ನಿನಿಂದ ಮೊದಲು ಹಾರಿದ್ದು ಜರ್ಮನಿಯ ವಿಮಾನ, 1939ರ ಆಗಸ್ಟ್ 27ರಂದು. ವಿಟ್ಲ್‌ನ ಇಂಜಿನ್ ಇದ್ದ ವಿಮಾನ 1941ರಲ್ಲಿ ಹಾರಿತು.

ಈಗ ಬೆಂಕಿಯ ವಿಷಯಕ್ಕೆ ಬರೋಣ. ಅನಿಲ ಹೆಚ್ಚು ಬಿಸಿಯಾದಷ್ಟೂ ಹೆಚ್ಚು ರಭಸದಿಂದ ನುಗ್ಗುತ್ತದೆ. ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಆದ್ದರಿಂದ ಇಂಜಿನ್ ಮಾಡುವವರು ಶಾಖವನ್ನು ಏರಿಸುತ್ತಲೇ ಬಂದರು. ಇಂದಿನ ಒಳ್ಳೆಯ ಇಂಜಿನ್ನುಗಳಲ್ಲಿ ಟರ್ಬೈನಿಗೆ ಬಡಿಯುವ ಅನಿಲದ ಶಾಖ 1500 ಡಿಗ್ರಿಯನ್ನೂ ಮೀರುತ್ತದೆ. ಟರ್ಬೈನಿನ ಅಲಗುಗಳನ್ನು ನಿಕ್ಕಲ್ ಎಂಬ ಲೋಹಕ್ಕೆ ಬೇರೆ ಲೋಹಗಳನ್ನು ಬೆರೆಸಿ ಮಾಡುತ್ತಾರೆ. ಈ ಮಿಶ್ರಲೋಹ 1300 ಡಿಗ್ರಿಯ ಆಸುಪಾಸಿನಲ್ಲಿ ಕರಗಲು ತೊಡಗುತ್ತದೆ. ಎಂದರೆ, ಅಲಗು ತಾನು ಕರಗುವ ಶಾಖಕ್ಕಿಂತಲೂ ಬಿಸಿಯಾದ ಗಾಳಿಯಲ್ಲಿ ನಿಂತು ಕೆಲಸ ಮಾಡಬೇಕು!

ಬರೀ ನಿಂತಿದ್ದರೆ ಸಾಲದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು. ಕಲ್ಲು ಗಿರ್ರನೆ ತಿರುಗುವಾಗ ಹಗ್ಗ ಕೈಯನ್ನು ಎಳೆಯುತ್ತದೆ. ಬೇಗ ತಿರುಗಿಸಿದಷ್ಟೂ ಎಳೆತ ಹೆಚ್ಚು. ಯುದ್ಧವಿಮಾನದ ಇಂಜಿನ್ನಿನಲ್ಲಿ ಟರ್ಬೈನ್ ಒಂದು ನಿಮಿಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಬೆರಳುದ್ದದ ಒಂದು ಅಲಗು ತನ್ನ ಬುಡವನ್ನು ಹಲವು ಟನ್ನುಗಳ ಬಲದಿಂದ ಎಳೆಯುತ್ತದೆ. ಹತ್ತಿ ಅಂಡಿಗೆಗಳನ್ನು ತುಂಬಿದ ಲಾರಿಯೊಂದನ್ನು ಆ ಅಲಗಿಗೆ ತೂಗುಹಾಕಿದರೆ ಹೇಗೋ ಹಾಗೆ. ಕೆಂಪಗೆ ಕಾದ ಲೋಹವನ್ನು ಹೀಗೆ ಎಳೆದರೆ ಅದು ಮೆಲ್ಲಮೆಲ್ಲಗೆ ಉದ್ದವಾಗುತ್ತದೆ. ಕೂದಲಿನಷ್ಟು ಉದ್ದವಾದರೂ ಸುತ್ತಲಿನ ಗೋಡೆಗೆ ತಾಗುವ ಅಪಾಯವಿದೆ.

ಇದಕ್ಕೆ ಹುಡುಕಿದ ಮೊದಲ ಉಪಾಯ ಅಲಗನ್ನು ಒಳಗೆ ಪೊಳ್ಳಾಗಿ ಮಾಡುವುದು. ಒಳಗಿನ ಸಣ್ಣ ದಾರಿಗಳಲ್ಲಿ ತಂಪಾದ ಗಾಳಿ ಓಡುತ್ತದೆ. ಮೈಮೇಲಿನ ಸೂಜಿರಂಧ್ರಗಳಿಂದ ಅದು ಹೊರಬಂದು ಅಲಗಿನ ಸುತ್ತ ತೆಳ್ಳಗೆ ಹೊದಿಕೆಯಾಗುತ್ತದೆ. ತಂಪು ಎಂದರೆ ನಮ್ಮ ಮಡಕೆಯ ನೀರಿನ ತಂಪಲ್ಲ, ಆ ಗಾಳಿಯೂ ನೂರಾರು ಡಿಗ್ರಿ ಬಿಸಿಯಾಗಿಯೇ ಇರುತ್ತದೆ. ಉರಿಯ ಪಕ್ಕದಲ್ಲಿ ಅದೇ ತಂಪು.

ಎರಡನೆಯ ಉಪಾಯ ನಮ್ಮ ಅಡುಗೆಮನೆಯದು. ಸೌದೆ ಒಲೆಯ ಮೇಲೆ ಪಾತ್ರೆ ಇಡುವ ಮೊದಲು ಅಜ್ಜಿ ಅದರ ತಳಕ್ಕೆ ಮಣ್ಣು ಬಳಿಯುವುದನ್ನು ಕೆಲವರಾದರೂ ನೋಡಿರುತ್ತೀರಿ. ಮಸಿ ಮಣ್ಣಿಗೆ ಹತ್ತುತ್ತದೆ, ಪಾತ್ರೆ ಉಳಿಯುತ್ತದೆ. ಇಂಜಿನ್ನಿನವರು ಅಲಗಿಗೆ ಬಳಿಯುವ ಮಣ್ಣು ಬಿಳಿಯದು. ಅದರ ಹೆಸರು ಜಿರ್ಕೋನಿಯ. ಕೇರಳದ ಚವರ, ತಮಿಳುನಾಡಿನ ಮಣವಾಲಕುರಿಚಿ, ಒಡಿಶಾದ ಛತ್ರಪುರ ಇವುಗಳ ಕಡಲತೀರದ ಮರಳಿನಲ್ಲಿ ಜಿರ್ಕಾನ್ ಎಂಬ ಖನಿಜ ಸಿಗುತ್ತದೆ. ಅಂತಹ ಖನಿಜದಿಂದ ಜಿರ್ಕೋನಿಯವನ್ನು ತೆಗೆಯುತ್ತಾರೆ. ಅದು ಕರಗಬೇಕಾದರೆ ಸುಮಾರು 2700 ಡಿಗ್ರಿ ಶಾಖ ಬೇಕು. ಶಾಖವನ್ನು ತನ್ನ ಮೂಲಕ ಸುಲಭವಾಗಿ ಹಾಯಗೊಡುವುದೂ ಇಲ್ಲ.

ಆದರೆ ಜಿರ್ಕೋನಿಯಕ್ಕೆ ಒಂದು ಕೆಟ್ಟ ಗುಣವಿದೆ. ಚೆನ್ನಾಗಿ ಕಾಯಿಸಿ ಆರಿಸುವಾಗ ಒಂದು ಹಂತದಲ್ಲಿ ಅದರ ಒಳಗಿನ ಕಣಗಳ ಜೋಡಣೆ ತಟ್ಟನೆ ಬದಲಾಗುತ್ತದೆ. ಆಗ ಅದು ಉಬ್ಬಿ ತಾನಾಗಿಯೇ ಸೀಳುತ್ತದೆ. ಯಿಟ್ರಿಯ ಎಂಬ ಇನ್ನೊಂದು ಪುಡಿಯನ್ನು ನೂರಕ್ಕೆ ಏಳೆಂಟು ಪಾಲು ಬೆರೆಸಿದರೆ ಈ ಚೇಷ್ಟೆ ನಿಲ್ಲುತ್ತದೆ. ಬೆರೆಸಿದ ಪುಡಿಯನ್ನು ಅತಿ ಬಿಸಿಯಾದ ಜ್ವಾಲೆಯ ಮೂಲಕ ಅಲಗಿನ ಮೇಲೆ ಚಿಮ್ಮಿಸುತ್ತಾರೆ. ಕರಗಿದ ಹನಿಗಳು ಅಲಗಿಗೆ ಬಡಿದು ಚಪ್ಪಟೆಯಾಗಿ, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಕೂರುತ್ತವೆ. ಈ ಲೇಪ ಅರ್ಧ ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ಒಳಗಿನ ತಂಪುಗಾಳಿ ಮತ್ತು ಹೊರಗಿನ ಈ ಲೇಪ ಎರಡೂ ಸೇರಿದರೆ ಲೋಹ ನೂರು ಡಿಗ್ರಿಗಿಂತ ಹೆಚ್ಚು ತಂಪಾಗಿ ಉಳಿಯಬಲ್ಲದು. ಹೈದರಾಬಾದಿನ ಬಾಲಾಪುರದಲ್ಲಿ ಎ.ಆರ್.ಸಿ.ಐ. ಎಂಬ ಸಂಶೋಧನಾ ಕೇಂದ್ರವಿದೆ. ಇಂತಹ ಲೇಪಗಳನ್ನು ಕುರಿತು ಅಲ್ಲಿ ಕೆಲಸ ನಡೆಯುತ್ತದೆ.

ನಿಮ್ಮಲ್ಲಿ ಚುರುಕಾದವರು ಕೇಳಬಹುದು: "ಮೇಷ್ಟ್ರೇ, ಲೇಪ ಯಾಕೆ? ಇಡೀ ಅಲಗನ್ನೇ ಮಣ್ಣಿನಿಂದ ಮಾಡಬಾರದೇಕೆ?" ಒಳ್ಳೆಯ ಪ್ರಶ್ನೆ. ಹೀಗೆ ಕೇಳಿದವರು ದೊಡ್ಡ ದೊಡ್ಡ ಕಂಪನಿಗಳಲ್ಲಿಯೂ ಇದ್ದರು.

ಇಲ್ಲಿ ಮಣ್ಣು ಎಂದರೆ ಹೊಲದ ಮಣ್ಣಲ್ಲ. ಗಡಿಗೆ, ಹೆಂಚು, ಇಟ್ಟಿಗೆ, ಪಿಂಗಾಣಿ ಬಟ್ಟಲು ಇವೆಲ್ಲ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಈ ಕುಟುಂಬಕ್ಕೆ ಸೆರಾಮಿಕ್ ಎಂದು ಹೆಸರು. ಜಿರ್ಕೋನಿಯ ಅದೇ ಕುಟುಂಬದ್ದು. ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್ ಎಂಬ ಇನ್ನಿಬ್ಬರು ನೆಂಟರಿದ್ದಾರೆ. ಇವರು ಗಡಿಗೆಗಿಂತ ಎಷ್ಟೋ ಪಟ್ಟು ಗಟ್ಟಿ. ಅಮೆರಿಕದ ಸರ್ಕಾರ 1971ರಲ್ಲಿ ಫೋರ್ಡ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳಿಗೆ ಸೆರಾಮಿಕ್ ಭಾಗಗಳಿರುವ ಗ್ಯಾಸ್ ಟರ್ಬೈನ್ ಮಾಡಿ ನೋಡುವ ಕೆಲಸವನ್ನು ಒಪ್ಪಿಸಿತು. ಅಲಗುಗಳು ಬೆಂಕಿಯನ್ನು ತಡೆದವು, ಆದರೆ ಬಿರುಕು ಬಿಡುವುದನ್ನು ನಿಲ್ಲಿಸಲಿಲ್ಲ. ಜಪಾನಿನವರು 1988ರಿಂದ 1999ರವರೆಗೆ ಪಟ್ಟುಹಿಡಿದು ದುಡಿದರು. 300 ಕಿಲೋವಾಟಿನ ಚಿಕ್ಕ ಸೆರಾಮಿಕ್ ಟರ್ಬೈನ್ ಮಾಡಿ, ಇಂಧನದ ಶಕ್ತಿಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪಾಲನ್ನು ಕೆಲಸಕ್ಕೆ ತಿರುಗಿಸಿ ತೋರಿಸಿದರು. ಅಷ್ಟೇ ಗಾತ್ರದ ಲೋಹದ ಇಂಜಿನ್ನುಗಳಿಂದ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಆದರೂ ಅದು ಅಂಗಡಿಗೆ ಬರಲಿಲ್ಲ.

ಗಟ್ಟಿಯಾದ ವಸ್ತು ಯಾಕೆ ಒಡೆಯುತ್ತದೆ? ಇದಕ್ಕೆ ಉತ್ತರವನ್ನು ಆದೋನಿಯ ಬಟ್ಟೆ ಅಂಗಡಿಯಲ್ಲಿ ನೋಡಬಹುದು. ಹೊಸ ಬಟ್ಟೆಯನ್ನು ಬರೀ ಕೈಯಿಂದ ಹರಿಯುವುದು ಕಷ್ಟ. ಅಂಗಡಿಯವರು ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಗೀರು ಹಾಕುತ್ತಾರೆ. ಆಮೇಲೆ ಎರಡೂ ಕಡೆ ಎಳೆದರೆ ಬಟ್ಟೆ ಸರ್ರನೆ ನೇರವಾಗಿ ಹರಿಯುತ್ತದೆ. ಎಳೆದ ಬಲವೆಲ್ಲ ಆ ಗೀರಿನ ತುದಿಯಲ್ಲಿ ಬಂದು ಕೂಡುತ್ತದೆ. ಗಾಜಿನಲ್ಲಿ, ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಇಂತಹ ಗೀರುಗಳು ಮೊದಲೇ ಇರುತ್ತವೆ. ಅವೇ ಅದನ್ನು ಒಡೆಯುತ್ತವೆ ಎಂದು ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿ 1921ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೇ ಗ್ರಿಫಿತ್ ಅವರು 1926ರಲ್ಲಿ ಟರ್ಬೈನಿನ ಅಲಗುಗಳ ಆಕಾರ ಹೇಗಿರಬೇಕೆಂದೂ ಬರೆದರು. ಒಬ್ಬರೇ ಮನುಷ್ಯರು ಎರಡು ವಿಷಯಗಳನ್ನೂ ಹಿಡಿದದ್ದು ನನಗೆ ಇಂದಿಗೂ ಸೋಜಿಗ.

ಲೋಹದಲ್ಲಿ ಗೀರು ಇದ್ದರೆ ಅದರ ತುದಿ ಸ್ವಲ್ಪ ಬಗ್ಗಿ ಮೊಂಡಾಗುತ್ತದೆ. ಸೆರಾಮಿಕ್ ಬಗ್ಗುವುದಿಲ್ಲ. ಗೀರು ಓಡಲು ತೊಡಗಿದರೆ ನಿಲ್ಲುವುದೇ ಇಲ್ಲ. ನೂರು ಅಲಗುಗಳಲ್ಲಿ ತೊಂಬತ್ತೊಂಬತ್ತು ಚೆನ್ನಾಗಿದ್ದು ಒಂದರಲ್ಲಿ ಮಾತ್ರ ದೊಡ್ಡ ಗೀರು ಅಡಗಿದ್ದರೂ ಸಾಕು. ಅದು ಒಡೆದು, ಅದರ ಚೂರುಗಳು ಉಳಿದವನ್ನೂ ಒಡೆಯುತ್ತವೆ. ಆಕಾಶದಲ್ಲಿ ಹಾಗಾದರೆ ಒಳಗೆ ಕುಳಿತ ಜನರ ಗತಿ?

ಗೀರು ಹುಟ್ಟುವುದನ್ನು ತಡೆಯಲಾಗದಿದ್ದರೆ ಅದು ಓಡುವುದನ್ನಾದರೂ ತಡೆಯಬೇಕು. ಈ ಉಪಾಯವೂ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಮಣ್ಣಿನ ಗೋಡೆ ಕಟ್ಟುವಾಗ ಬರೀ ಮಣ್ಣು ತುಳಿಯುವುದಿಲ್ಲ. ಅದಕ್ಕೆ ಹುಲ್ಲು, ಹೊಟ್ಟು ಸೇರಿಸಿ ತುಳಿಯುತ್ತಾರೆ. ಒಣಗಿದಾಗ ಬಿರುಕು ಬಂದರೂ ಹುಲ್ಲಿನ ಎಳೆಗಳು ಎರಡೂ ಕಡೆ ಹಿಡಿದುಕೊಂಡಿರುತ್ತವೆ. ಆದರೆ ಇಂಜಿನ್ನಿನ ಬೆಂಕಿಯಲ್ಲಿ ಸುಡದೆ ಉಳಿಯುವ ಹುಲ್ಲು ಎಲ್ಲಿದೆ?

ಜಪಾನಿನ ಸೆಂಡೈ ನಗರದಲ್ಲಿ ತೊಹೊಕು ವಿಶ್ವವಿದ್ಯಾಲಯದ ಸೆಯ್‌ಶಿ ಯಾಜಿಮಾ ಎಂಬ ಪ್ರಾಧ್ಯಾಪಕರು 1975ರಲ್ಲಿ ಅಂತಹ ಎಳೆಯನ್ನು ಮಾಡಿದರು. ಪ್ಲಾಸ್ಟಿಕ್ಕಿನಂತಹ ಒಂದು ವಸ್ತುವನ್ನು ಕರಗಿಸಿ ನೂಲಿನಂತೆ ಎಳೆದು, ಆಮೇಲೆ ಆ ನೂಲನ್ನು ಕಾಯಿಸಿ ಸಿಲಿಕಾನ್ ಕಾರ್ಬೈಡ್ ಎಳೆಯನ್ನಾಗಿ ಮಾಡಿದರು. ಆ ಎಳೆ ತಲೆಗೂದಲಿಗಿಂತ ಎಷ್ಟೋ ತೆಳು. ಅದನ್ನು ಬಗ್ಗಿಸಬಹುದು, ಮಗ್ಗದಲ್ಲಿ ನೇಯಬಹುದು. ಆದೋನಿಯ ಹತ್ತಿ ಗಿರಣಿಗಳನ್ನೂ ಎಮ್ಮಿಗನೂರಿನ ಮಗ್ಗಗಳನ್ನೂ ಬಲ್ಲ ನಿಮಗೆ ಇದು ಅರ್ಥವಾಗದೆ ಇರದು. ಅಲ್ಲಿ ಹತ್ತಿಯ ನೂಲು, ಇಲ್ಲಿ ಕಲ್ಲಿನ ನೂಲು.

ಹೀಗೆ ನೇಯ್ದ ಬಟ್ಟೆಯನ್ನು ಪದರಪದರವಾಗಿ ಇಟ್ಟು ಬೇಕಾದ ಆಕಾರ ಕೊಟ್ಟು, ನಡುವಿನ ಸಂದುಗಳಲ್ಲಿ ಮತ್ತೆ ಸಿಲಿಕಾನ್ ಕಾರ್ಬೈಡನ್ನೇ ತುಂಬುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಎಳೆ ಮತ್ತು ಅದರ ಸುತ್ತಲಿನ ತುಂಬು ತೀರ ಗಟ್ಟಿಯಾಗಿ ಅಂಟಿಕೊಳ್ಳಬಾರದು! ಗಟ್ಟಿಯಾಗಿ ಅಂಟಿದರೆ ಬಿರುಕು ಎಳೆಯನ್ನೂ ಸೀಳಿಕೊಂಡು ಮುಂದೆ ಹೋಗುತ್ತದೆ. ಆದ್ದರಿಂದ ಪ್ರತಿ ಎಳೆಗೂ ಜಾರುವಂತಹ ಇನ್ನೊಂದು ತೆಳು ಲೇಪ ಕೊಡುತ್ತಾರೆ. ಬಿರುಕು ಎಳೆಯ ಹತ್ತಿರ ಬಂದಾಗ ದಾರಿ ತಪ್ಪಿ ಪಕ್ಕಕ್ಕೆ ತಿರುಗಿ ಸುಸ್ತಾಗುತ್ತದೆ. ಅಂಟು ಸ್ವಲ್ಪ ಸಡಿಲವಾಗಿರುವುದೇ ಇಲ್ಲಿ ಗಟ್ಟಿತನ.

ಅಷ್ಟಕ್ಕೂ ಕೆಲಸ ಮುಗಿಯಲಿಲ್ಲ. ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಆ ಬಿಸಿ ನೀರಾವಿ ಸಿಲಿಕಾನ್ ಕಾರ್ಬೈಡನ್ನು ಮೆಲ್ಲಗೆ ತಿಂದುಹಾಕುತ್ತದೆ. ಅದಕ್ಕಾಗಿ ಹೊರಗೆ ಮತ್ತೊಂದು ರಕ್ಷಣೆಯ ಲೇಪ ಬೇಕಾಯಿತು. ಇವೆಲ್ಲವನ್ನೂ ಸರಿಪಡಿಸಲು ನಲವತ್ತು ವರ್ಷ ಹಿಡಿಯಿತು. 2016ರಲ್ಲಿ ಲೀಪ್ ಎಂಬ ಇಂಜಿನ್ ಪ್ರಯಾಣಿಕರ ವಿಮಾನಗಳಲ್ಲಿ ಬಂದಿತು. ಅದರಲ್ಲಿ ಟರ್ಬೈನಿನ ಅಲಗುಗಳ ಸುತ್ತ ಬಳೆಯಂತೆ ನಿಲ್ಲುವ ಭಾಗ ಈ ಎಳೆ ತುಂಬಿದ ಸೆರಾಮಿಕ್ಕಿನದು. ಅದರ ತೂಕ ನಿಕ್ಕಲ್ ಮಿಶ್ರಲೋಹದ ಮೂರನೆಯ ಒಂದು ಭಾಗ ಮಾತ್ರ. ಆ ಭಾಗ ತಿರುಗುವುದಿಲ್ಲ, ಇದ್ದಲ್ಲಿಯೇ ಇರುತ್ತದೆ ಎಂಬುದನ್ನು ಗಮನಿಸಿ. ತಿರುಗುವ ಅಲಗನ್ನು ಸೆರಾಮಿಕ್ಕಿನಿಂದ ಮಾಡುವುದು ಇನ್ನೂ ಕಷ್ಟದ ಕೆಲಸ. ಲೀಪ್ ಇಂಜಿನ್ ಇರುವ ವಿಮಾನಗಳು ನಮ್ಮ ದೇಶದಲ್ಲಿಯೂ ಹಾರುತ್ತವೆ.

ಹಾಗಾದರೆ ನಮ್ಮವರು ಏನು ಮಾಡಿದರು? ಬೆಂಗಳೂರಿನಲ್ಲಿ ಜಿ.ಟಿ.ಆರ್.ಇ. ಎಂಬ ಸಂಸ್ಥೆ ಇದೆ. ಗ್ಯಾಸ್ ಟರ್ಬೈನುಗಳ ಸಂಶೋಧನೆಯೇ ಅದರ ಕೆಲಸ. 1989ರಲ್ಲಿ ಅದಕ್ಕೆ ಒಂದು ದೊಡ್ಡ ಹೊಣೆ ಬಂದಿತು. ನಮ್ಮದೇ ಯುದ್ಧವಿಮಾನ ತೇಜಸ್‌ಗೆ ನಮ್ಮದೇ ಇಂಜಿನ್ ಮಾಡಬೇಕು. ಇಂಜಿನ್ನಿಗೆ ಕಾವೇರಿ ಎಂದು ಹೆಸರಿಟ್ಟರು. ಮಾಡಿದರು, ಓಡಿಸಿದರು, ತಿದ್ದಿದರು. 2010ರಲ್ಲಿ ರಷ್ಯದಲ್ಲಿ ದೊಡ್ಡ ವಿಮಾನವೊಂದಕ್ಕೆ ಕಟ್ಟಿ ಹಾರಿಸಿಯೂ ನೋಡಿದರು. ಆದರೆ ತೇಜಸ್‌ಗೆ ಬೇಕಾದಷ್ಟು ಬಲ ಅದರಿಂದ ಬರಲಿಲ್ಲ. 2008ರಲ್ಲಿಯೇ ಕಾವೇರಿಯನ್ನು ತೇಜಸ್‌ನಿಂದ ಬೇರೆ ಮಾಡಿದ್ದರು. ಕಾರಣಗಳು ಹಲವು. ಹೆಚ್ಚು ಶಾಖ ತಡೆಯುವ ಅಲಗುಗಳು ನಮ್ಮಲ್ಲಿ ಇಲ್ಲದಿದ್ದುದು ಅವುಗಳಲ್ಲಿ ಒಂದು ಮುಖ್ಯ ಕಾರಣ. ಅಂತಹ ಅಲಗು ಮಾಡುವ ವಿದ್ಯೆಯನ್ನು ಯಾವ ದೇಶವೂ ಸುಲಭವಾಗಿ ಹೇಳಿಕೊಡುವುದಿಲ್ಲ.

ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದಾಗ ಅದರಲ್ಲಿ ಇದ್ದದ್ದು ಅಮೆರಿಕದ ಇಂಜಿನ್. 2021ರಲ್ಲಿ ಇನ್ನೂ 99 ಇಂಜಿನ್ನುಗಳನ್ನು ಅಲ್ಲಿಂದಲೇ ತರಿಸಲು ಒಪ್ಪಂದವಾಯಿತು. ಅವುಗಳಲ್ಲಿ ಮೊದಲನೆಯದನ್ನು ಅವರು ನಮಗೆ ಒಪ್ಪಿಸಿದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಹೊಸ ವಿಮಾನಗಳು ಇಂಜಿನ್ನಿಗಾಗಿ ಕಾಯಬೇಕಾಯಿತು. ಎತ್ತು ಪಕ್ಕದ ಮನೆಯಿಂದ ಬರಬೇಕಾದವನ ಬಿತ್ತನೆ ಹದಕ್ಕೆ ಆಗುವುದುಂಟೇ?

ಇಷ್ಟು ಹೊತ್ತಿಗೆ ಹೈದರಾಬಾದಿನ ಲೋಹ ಸಂಶೋಧನಾಲಯವಾದ ಡಿ.ಎಂ.ಆರ್.ಎಲ್. ಇನ್ನೊಂದು ದಾರಿಯಲ್ಲಿ ದುಡಿಯುತ್ತಿತ್ತು. ಮೇಲೆ ಪೊಳ್ಳು ಅಲಗಿನ ಮಾತು ಬಂದಿತಲ್ಲವೇ? ಅದನ್ನು ಮಾಡುವುದು ಹೇಗೆ ಗೊತ್ತೇ? ನಮ್ಮ ಶಿಲ್ಪಿಗಳು ಪಂಚಲೋಹದ ವಿಗ್ರಹ ಮಾಡುವ ರೀತಿಯಲ್ಲಿಯೇ. ಮೊದಲು ಮೇಣದಲ್ಲಿ ಅಲಗಿನ ರೂಪ ಮಾಡುತ್ತಾರೆ. ಮೇಣದ ಒಳಗೆ ಪೊಳ್ಳು ಬರಬೇಕಾದ ಜಾಗದಲ್ಲಿ ಸೆರಾಮಿಕ್ಕಿನ ತಿರುಳು ಇರುತ್ತದೆ. ಮೇಣದ ಮೇಲೆ ಸೆರಾಮಿಕ್ ಗಸಿಯನ್ನು ಪದರಪದರವಾಗಿ ಹಚ್ಚಿ ಒಣಗಿಸುತ್ತಾರೆ. ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಉಳಿದ ಖಾಲಿ ಅಚ್ಚಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಆಮೇಲೆ ಅಚ್ಚನ್ನು ಕುಲುಮೆಯ ಬಿಸಿಯಿಂದ ಬಹಳ ನಿಧಾನವಾಗಿ ಕೆಳಗೆ ಇಳಿಸುತ್ತಾರೆ. ಆಗ ಲೋಹ ಬುಡದಿಂದ ತುದಿಯವರೆಗೆ ಒಂದೇ ಹರಳಾಗಿ ಹೆಪ್ಪುಗಟ್ಟುತ್ತದೆ. ಸಾಮಾನ್ಯ ಲೋಹ ಅಸಂಖ್ಯ ಸಣ್ಣ ಹರಳುಗಳ ಗುಂಪು. ಎಳೆತಕ್ಕೆ ಅದು ಸಡಿಲವಾಗುವುದು ಹರಳುಗಳ ನಡುವಿನ ಸಂದುಗಳಲ್ಲಿ. ಒಂದೇ ಹರಳಾದರೆ ಸಂದೇ ಇಲ್ಲ. ಕೊನೆಗೆ ಒಳಗಿನ ತಿರುಳನ್ನು ಕಾರದ ದ್ರಾವಣದಲ್ಲಿ ಕರಗಿಸಿ ತೆಗೆದರೆ ಪೊಳ್ಳು ಅಲಗು ಸಿದ್ಧ.

ಇಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಲೋಹವಲ್ಲ, ಮಣ್ಣು. 1500 ಡಿಗ್ರಿಗಿಂತ ಬಿಸಿಯಾದ ದ್ರವಲೋಹದ ಭಾರವನ್ನು ಆ ಅಚ್ಚು ಬಹಳ ಹೊತ್ತು ಹೊರಬೇಕು. ಸೊಟ್ಟಗಾಗಬಾರದು, ಸೋರಬಾರದು. ಒಳಗಿನ ಸಣ್ಣ ತಿರುಳು ಅತ್ತಿತ್ತ ಅಲುಗಬಾರದು. ಅಂತಹ ಸೆರಾಮಿಕ್ಕಿನ ಬೆರಕೆಯನ್ನು ಡಿ.ಎಂ.ಆರ್.ಎಲ್. ತಾನೇ ಕಂಡುಹಿಡಿಯಿತು. ಹೆಲಿಕಾಪ್ಟರ್ ಇಂಜಿನ್ನಿಗೆಂದು ಇಂತಹ ಒಂದೇ ಹರಳಿನ 60 ಅಲಗುಗಳನ್ನು ಮಾಡಿ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಗೆ ಕೊಟ್ಟ ಸುದ್ದಿ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಕಾವೇರಿಯ ಕೆಲಸವೂ ನಿಂತಿಲ್ಲ. ಪೈಲಟ್ ಇಲ್ಲದೆ ಹಾರುವ ವಿಮಾನಕ್ಕೆ ಹೊಂದುವಂತೆ ಅದನ್ನು ತಿದ್ದುತ್ತಿದ್ದಾರೆ.

ಅಲಗು ಸಿದ್ಧವಾದ ಕೂಡಲೇ ಇಂಜಿನ್ನಿಗೆ ಹೋಗುವುದಿಲ್ಲ. ಎಕ್ಸ್-ರೇ ಹಾಯಿಸಿ ಒಳಗೆ ತಿರುಳಿನ ಚೂರು ಉಳಿದಿದೆಯೇ ಎಂದು ನೋಡುತ್ತಾರೆ. ಹೊಳೆಯುವ ಬಣ್ಣದ ಎಣ್ಣೆ ಹಚ್ಚಿ ಒರೆಸಿ, ಗೀರುಗಳಲ್ಲಿ ಎಲ್ಲಿಯಾದರೂ ಎಣ್ಣೆ ನಿಂತಿದೆಯೇ ಎಂದು ಕತ್ತಲೆಯಲ್ಲಿ ದೀಪ ಹಿಡಿದು ಹುಡುಕುತ್ತಾರೆ. ನಮ್ಮ ಕುಂಬಾರ ತಾತನವರ ಹತ್ತಿರ ಎಕ್ಸ್-ರೇ ಇರಲಿಲ್ಲ. ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು. ಚೆನ್ನಾಗಿ ಸುಟ್ಟ ಗಡಿಗೆ ಟಣ್ ಎನ್ನುತ್ತಿತ್ತು. ಕಣ್ಣಿಗೆ ಕಾಣದ ಸೀಳು ಇದ್ದರೆ ಡಬ್ ಎನ್ನುತ್ತಿತ್ತು, ಅದನ್ನು ಪಕ್ಕಕ್ಕೆ ಇಡುತ್ತಿದ್ದರು. ಬೇಸಿಗೆಯಲ್ಲಿ ನಿಮ್ಮ ಮನೆಗೆ ಹೊಸ ಮಡಕೆ ತರುವಾಗ ಅಜ್ಜಿಯ ಜೊತೆ ಸಂತೆಗೆ ಹೋಗಿ. ನಾಲ್ಕಾರು ಮಡಕೆಗಳನ್ನು ನೀವೂ ತಟ್ಟಿ ಕೇಳಿ.